ಮೇಲಿನ ನಾಲ್ಕು ಸ್ವರಗಳು

“ಅದನ್ನ ಮುಟ್ಟಬೇಡಿ ಮೇಡಂ!”

ಆ ಮನೆಯ ಹಿರಿಮಗಳು, ಊರವರೆಲ್ಲ ಅಕ್ಕ ಎನ್ನುವವಳು, ಕೂಗಿದ ರಭಸಕ್ಕೆ ನನ್ನ ಬೆರಳು ಹಾರ್ಮೋನಿಯಂ ಕೀಗಳ ಮೇಲೆ ಗಾಳಿಯಲ್ಲೇ ನಿಂತಿತು. ಪೊಲೀಸ್ ಇಲಾಖೆಯಲ್ಲಿ ಅರ್ಧ ಆಯಸ್ಸು ಸವೆಸಿ ನಿವೃತ್ತಳಾದವಳು ನಾನು. ಹೆಣ ಮುಟ್ಟಿದ್ದೇನೆ, ಹಾವು ಸುತ್ತಿಕೊಂಡಿದ್ದ ಟ್ರಂಕು ಮುಟ್ಟಿದ್ದೇನೆ. ಒಂದು ಮರದ ಪೆಟ್ಟಿಗೆ ಮುಟ್ಟಿದ್ದಕ್ಕೆ ಯಾರೂ ಹೀಗೆ ಗದರಿಸಿರಲಿಲ್ಲ.

“ಇದು ಸಾಕ್ಷಿ ಅಲ್ಲ ಅಂತ ಪೊಲೀಸರೇ ಬಿಟ್ಟು ಹೋದ್ರು. ನಿಮಗ್ಯಾಕೆ ಇಷ್ಟು ಭಯ?” ಎಂದೆ.

“ಭಯ ಅಲ್ಲ. ಅಪ್ಪ ಕೊನೇದಾಗಿ ಶ್ರುತಿ ಮಾಡಿದ್ದು ಅದು. ನಿಮ್ಮಂಥವರು ಒತ್ತಿದ್ರೆ ಒಳಗಿನ ಹಿತ್ತಾಳೆ ರೀಡು ಎದ್ದುಹೋಗುತ್ತೆ.”

ನಿಮ್ಮಂಥವರು ಎಂದರೆ ಸಂಗೀತ ಗೊತ್ತಿಲ್ಲದವರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂಬ ಅರ್ಥ ಅವಳ ಮುಖದಲ್ಲಿ ಚೆನ್ನಾಗಿಯೇ ಇತ್ತು. ನಾನು ಕೈ ಹಿಂದಕ್ಕೆ ತೆಗೆದೆ.

ಅಕ್ಕನ ತಂದೆ, ಎಲ್ಲರೂ ಪೆಟ್ಟಿಗೆ ಮೇಷ್ಟ್ರು ಎಂದೇ ಕರೆಯುತ್ತಿದ್ದ ಹಾರ್ಮೋನಿಯಂ ತಯಾರಕರು, ಇದೇ ಕೋಣೆಯಲ್ಲಿ ವಿಷ ಬೆರೆತ ಚಹಾ ಕುಡಿದು ಸತ್ತಿದ್ದರು. ಕೊಂದ ಆರೋಪದ ಮೇಲೆ ಮನೆಯ ಒಬ್ಬನೇ ಅಳಿಯ ಲಾಕಪ್ಪಿನಲ್ಲಿದ್ದ. ಅವನನ್ನು ಬಿಡಿಸಿಕೊಡಿ ಎಂದು ಅವನ ಹೆಂಡತಿ, ಅಂದರೆ ಅಕ್ಕನ ತಂಗಿ, ನನ್ನ ಕಾಲು ಹಿಡಿಯುವುದೊಂದು ಬಾಕಿ.

ಅಳಿಯ ಕಾಲೇಜಿನಲ್ಲಿ ಗಣಿತ ಹೇಳುವವನು. ಮಾವನ ಸ್ವರಗಳಿಗೆ ಲೆಕ್ಕ ಹಾಕಿಕೊಡುತ್ತಿದ್ದ, ಜೊತೆಗೆ ಜಗಳವನ್ನೂ ಆಡುತ್ತಿದ್ದ. ಆ ದಿನ ಸಂಜೆ ಹತ್ತಿರವಾದಾಗ ಅವನು ಈ ಕೋಣೆಯ ಬಾಗಿಲಲ್ಲಿ ನಿಂತಿದ್ದನ್ನು ಎದುರುಮನೆಯ ದರ್ಜಿ ಹೆಂಗಸು ಕಂಡಿದ್ದಳು. ಆಗ ಒಳಗಿನಿಂದ ಎಂಟೂ ಸ್ವರ ಕೇಳುತ್ತಿದ್ದವು ಎಂದು ಹೇಳಿಕೆಯನ್ನೂ ಕೊಟ್ಟಿದ್ದಳು.

ಪೊಲೀಸರ ವಾದ ಸರಳ. ಸ್ವರ ಕೇಳಿತು, ಅಂದರೆ ಮುದುಕ ಬದುಕಿದ್ದ. ಆಮೇಲೆ ಒಳಗೆ ಹೋದವನು ಅಳಿಯನೊಬ್ಬನೇ. ಕೊಂದವನು ಅವನೇ.

ಅಳಿಯನ ಮಾತು ಇನ್ನೂ ಸರಳ. “ಬಾಗಿಲು ಬಡಿದೆ, ತೆಗೀಲಿಲ್ಲ. ಕೋಪ ಇರಬೇಕು ಅಂತ ವಾಪಸ್ ಹೋದೆ.” ಲಾಕಪ್ಪಿನಲ್ಲಿ ಅಷ್ಟು ಹೇಳಿ ಗೋಡೆ ನೋಡುತ್ತ ಕೂತುಬಿಟ್ಟಿದ್ದ. ತಪ್ಪು ಮಾಡದವರು ಸಾಮಾನ್ಯವಾಗಿ ಇಷ್ಟು ಕಡಿಮೆ ಮಾತಾಡುವುದಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂದಿತ್ತು.

“ಅಕ್ಕಾ, ನನಗೊಂದು ಪಾಠ ಹೇಳಿಕೊಡಿ,” ಎಂದು ಸ್ಟೂಲು ಎಳೆದುಕೊಂಡೆ. “ನಿಮ್ಮಪ್ಪನ ಪೆಟ್ಟಿಗೆಗೂ ಅಂಗಡೀಲಿ ಸಿಗೋ ಪೆಟ್ಟಿಗೆಗೂ ಏನು ವ್ಯತ್ಯಾಸ?”

“ಅಂಗಡೀದು ಕ್ವಾರ್ಟರ್ಸ್ ಇದ್ದಹಾಗೆ. ಹನ್ನೆರಡು ಮನೆ, ಎಲ್ಲಾ ಒಂದೇ ಅಳತೆ. ಯಾರಿಗೂ ಸರಿಯಾಗಿ ಹೊಂದಲ್ಲ, ಆದ್ರೆ ಎಲ್ಲರೂ ಅದರಲ್ಲೇ ಸಂಸಾರ ಮಾಡ್ತಾರೆ.”

“ಮೇಷ್ಟ್ರದು?”

“ಅಪ್ಪ ನಾಲ್ಕು ನಾಲ್ಕು ಸ್ವರದ ಕೋಣೆ ಕಟ್ಟೋರು. ಸ, ರಿ, ಗ, ಮ ಒಂದು ಕೋಣೆ. ಪ, ದ, ನಿ, ಮೇಲಿನ ಸ ಇನ್ನೊಂದು. ಎರಡು ಪಕ್ಕಪಕ್ಕ ಇಟ್ರೆ ಪೂರ್ತಿ ಮನೆ. ಸ ಮತ್ತೆ ಮ ಗೋಡೆ, ಅಲ್ಲಾಡಿಸೋ ಹಾಗಿಲ್ಲ. ಮಧ್ಯದ ರಿ, ಗ ಬರೀ ತಡಿಕೆ. ಎಲ್ಲಿ ಬೇಕಾದ್ರೂ ಸರಿಸಿ ನಿಲ್ಲಿಸಬಹುದು. ತಡಿಕೆ ಸರಿಸಿದಷ್ಟೂ ಹೊಸ ಹೊಸ ರಾಗ.”

ಹೇಳುವಾಗ ಅವಳ ದನಿ ಮೆತ್ತಗಾಯಿತು. ಮದುವೆಯಾಗಲಿಲ್ಲ, ಊರು ಬಿಡಲಿಲ್ಲ, ಈ ಕೋಣೆಯ ಹಿತ್ತಾಳೆ ಪುಡಿ ಉಸಿರಾಡಿಕೊಂಡೇ ತಲೆಗೂದಲು ನರೆಸಿಕೊಂಡವಳು. ನನಗೆ ಅವಳನ್ನು ಕಂಡರೆ ಮರುಕವಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ.

“ಈ ಪೆಟ್ಟಿಗೇಲಿ ತಡಿಕೆ ಎಲ್ಲಿದೆ?”

“ಎರಡು ಹೆಜ್ಜೆ ತೀರಾ ಪುಟ್ಟದು. ಆಮೇಲೆ ಒಂದು ದೊಡ್ಡ ಜಿಗಿತ. ಕೆಳಗೂ ಹಾಗೇ, ಮೇಲೂ ಹಾಗೇ. ಕೇಳಿದ್ರೆ ಅಳು ಬರಬೇಕು ಅಂತ ಅಪ್ಪನ ಆಸೆ.”

“ಒಂದೇ ದಿನ ಎರಡೂ ಕೋಣೆ ಮುಗಿಸ್ತಿದ್ರಾ?”

ಅವಳ ಕೈ ಮೇಜಿನ ಮೇಲೆ ಯಾವುದೋ ಬಟ್ಟೆಯನ್ನು ಮಡಿಸುತ್ತಿತ್ತು. ಮಡಿಸುವುದು ನಿಂತಿತು.

“ಯಾಕೆ ಕೇಳ್ತೀರಿ?”

“ಸಂಗೀತ ಶಾಲೆಯವರು ಹೇಳಿದ್ರು. ಮೇಷ್ಟ್ರು ಒಂದು ಪೆಟ್ಟಿಗೆ ಕೊಡೋಕೆ ಎಷ್ಟು ಸತಾಯಿಸೋರು ಅಂತ. ಕೆಳಗಿನ ನಾಲ್ಕು ಮುಗಿಸಿದ್ರೆ ಬಟ್ಟೆ ಹೊದಿಸಿ ಎದ್ದುಬಿಡೋರಂತೆ. ಕೆಳಗಿನದು ಮಲಗಿ ಏಳಬೇಕು, ಆಮೇಲೆ ಮೇಲಿನದು, ಅನ್ನೋರಂತೆ.”

“ಹೌದು,” ಎಂದಳು ನಿಧಾನವಾಗಿ. “ಅರ ಹಾಕಿ ಉಜ್ಜಿದ ಹಿತ್ತಾಳೆ ಒಂದು ರಾತ್ರಿ ತಣಿಯದೆ ನಿಜವಾದ ಸ್ವರ ಹೇಳಲ್ಲ. ಹಸಿ ಗೋಡೆ ಮೇಲೆ ಮಹಡಿ ಎಬ್ಬಿಸಬಾರದು ಅನ್ನೋರು.”

“ಆ ದಿನ ಬೆಳಿಗ್ಗೆ ಅವರು ಉಜ್ಜಿದ್ದು ಯಾವುದು?”

ಉತ್ತರ ನನಗೆ ಗೊತ್ತಿತ್ತು. ಅವಳೇ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಳು. ಮಧ್ಯಾಹ್ನ ಊಟ ಮತ್ತು ಚಹಾದ ಫ್ಲಾಸ್ಕು ಕೊಟ್ಟು ಹೊರಡುವಾಗ ಅಪ್ಪ ಕೆಳಗಿನ ಸ್ವರಗಳ ಮೇಲೆ ಬಗ್ಗಿದ್ದರು ಎಂದು. ಫ್ಲಾಸ್ಕಿನಲ್ಲಿ ವಿಷ ಇರಲಿಲ್ಲ, ಲೋಟದಲ್ಲಿ ಮಾತ್ರ ಇತ್ತು. ಊಟ ಕೊಟ್ಟವಳು ನೇರ ಸಂಗೀತ ಶಾಲೆಗೆ ಹೋಗಿ, ದೀಪ ಹಚ್ಚುವವರೆಗೆ ಅಲ್ಲಿನ ಪೆಟ್ಟಿಗೆಗಳನ್ನು ರಿಪೇರಿ ಮಾಡಿದ್ದಳು. ಇಡೀ ತರಗತಿ ಅದಕ್ಕೆ ಸಾಕ್ಷಿ.

“ಕೆಳಗಿನದು,” ಎಂದಳು ಅಕ್ಕ.

“ಹಾಗಾದ್ರೆ ಸಂಜೆ ದರ್ಜಿ ಹೆಂಗಸಿಗೆ ಎಂಟೂ ಸ್ವರ ಹೇಗೆ ಕೇಳಿಸಿತು? ಕೆಳಗಿನದು ಇನ್ನೂ ಮಲಗೇ ಇರಲಿಲ್ಲವಲ್ಲ. ಮೇಲಿನದನ್ನ ಕಟ್ಟಿದ್ದು ಯಾರು?”

ಅಕ್ಕ ಬಟ್ಟೆಯ ಮಡಿಕೆ ಬಿಚ್ಚಿ ಮತ್ತೆ ಮಡಿಸತೊಡಗಿದಳು.

ನಾನು ಚೀಲದಿಂದ ಶ್ರುತಿ ಅಳೆಯುವ ಯಂತ್ರ ತೆಗೆದು ಮೇಜಿನ ಮೇಲಿಟ್ಟೆ. ಕಿವಿ ಇಲ್ಲದವರಿಗೆ ದೇವರು ಕೊಟ್ಟ ಕಿವಿ ಅದು. ಮುಳ್ಳು ಅಲ್ಲಾಡಿದರೆ ತಪ್ಪು, ನಿಂತರೆ ಸರಿ.

“ನಿನ್ನೆ ನೀವಿಲ್ಲದಾಗ ಇನ್‌ಸ್ಪೆಕ್ಟರರ ಅನುಮತಿ ತಗೊಂಡು ಒಂದೊಂದೂ ಒತ್ತಿ ನೋಡಿದ್ದೀನಿ, ಕ್ಷಮಿಸಿ. ರೀಡು ಎದ್ದುಹೋಗಲಿಲ್ಲ. ಕೆಳಗಿನ ಕೋಣೇಲಿ ಸ, ರಿ, ಗ ಕರಾರುವಾಕ್ಕು. ಒಂದು ಕೂದಲೆಳೆ ತಪ್ಪು ಉಳಿದಿರೋದು ಗ ಮತ್ತೆ ಮ ನಡುವೆ. ಅಂದ್ರೆ ಕೆಳಗಿಂದ ಶುರು ಮಾಡಿ ಮೇಲಕ್ಕೆ ಬಂದಿದ್ದಾರೆ. ಮೇಲಿನ ಕೋಣೇಲಿ ತಿರುಗಾಮುರುಗಾ. ಮೇಲಿನ ಸ, ನಿ, ದ ಕರಾರುವಾಕ್ಕು. ತಪ್ಪು ಬಂದು ನಿಂತಿರೋದು ಕೆಳಗೆ, ಪ ಪಕ್ಕದಲ್ಲಿ.”

ಮನೆ ಗುಡಿಸಿದವರು ಎಲ್ಲಿಂದ ಶುರು ಮಾಡಿದರು ಎಂದು ತಿಳಿಯಬೇಕಾದರೆ ಕಸ ಎಲ್ಲಿ ನಿಂತಿದೆ ಎಂದು ನೋಡಬೇಕು. ಇಲ್ಲಿ ಒಂದು ಕೋಣೆ ಗುಡಿಸಿದವರು ಬಾಗಿಲಿಂದ ಶುರು ಮಾಡಿದ್ದರು, ಇನ್ನೊಂದನ್ನು ಗುಡಿಸಿದವರು ಹಿತ್ತಿಲಿಂದ. ಎರಡು ಪೊರಕೆ, ಎರಡು ಕೈ.

“ಮೇಷ್ಟ್ರು ಯಾವತ್ತಾದ್ರೂ ಮೇಲಿಂದ ಕೆಳಕ್ಕೆ ಶ್ರುತಿ ಮಾಡಿದ್ದುಂಟಾ?”

“ಇಲ್ಲ.”

“ನೀವು?”

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದಳು.

“ನಾನೇ ಮಾಡಿದ್ದು,” ಎಂದಳು.

“ಏನನ್ನ?”

“ಎಲ್ಲಾನೂ. ಚಹಾ ಕೊಟ್ಟೆ. ಅಪ್ಪ ಹೋದ್ರು. ಕೂತ್ಕೊಂಡು ಮೇಲಿನ ನಾಲ್ಕು ಮುಗಿಸಿದೆ. ಬರ್ಕೊಳ್ಳಿ. ಈ ಮನೆ ಅಳಿಯನ್ನ ಬಿಟ್ಟುಬಿಡಲಿ.”

“ಆ ಹೊತ್ತಿಗೆ ನೀವು ಸಂಗೀತ ಶಾಲೇಲಿ ಇದ್ರಿ ಅಕ್ಕಾ.”

“ಮಧ್ಯೆ ಎದ್ದು ಬಂದೆ.”

“ಆ ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದ್ದೀನಿ. ಮೂತ್ರಕ್ಕೂ ಎದ್ದಿಲ್ಲ ನೀವು.”

“ಮಕ್ಕಳಿಗೇನು ಗೊತ್ತು!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕದಿಯದ ಕುಂಬಳಕಾಯಿಯನ್ನು ತಾನಾಗಿ ಹೆಗಲಿಗೇರಿಸಿಕೊಳ್ಳುವವರು ಅಪರೂಪ. ಅಂಥವರ ಹಿಂದೆ ಯಾವಾಗಲೂ ಇನ್ನೊಬ್ಬರು ಇರುತ್ತಾರೆ.

“ಸರಿ, ಮಾಡಿ ತೋರಿಸಿ,” ಎಂದೆ. ಕಪಾಟಿನಲ್ಲಿದ್ದ ಇನ್ನೊಂದು ರೀಡಿನ ಪಟ್ಟಿ ತೆಗೆದು ಅವಳ ಮುಂದಿಟ್ಟೆ. “ಅವತ್ತಿನ ಹಾಗೇ, ಮೇಲಿಂದ ಕೆಳಕ್ಕೆ.”

ಅವಳು ಕೂತಳು. ಚಿಕ್ಕ ಅರ ಕೈಗೆತ್ತಿಕೊಂಡಳು. ಹಿತ್ತಾಳೆ ನಾಲಿಗೆಯ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ, ಇಷ್ಟು ನನಗೂ ಗೊತ್ತಾಗಿತ್ತು. ಅವಳು ಮೇಲಿನ ಸ ಊದಿ ನೋಡಿದಳು. ಅದರಿಂದ ನಿ ಇಳಿಸಿದಳು. ಉಜ್ಜುವುದು, ಊದುವುದು, ಮತ್ತೆ ಉಜ್ಜುವುದು. ಹಣೆಯ ಮೇಲೆ ಬೆವರು ಬಂತು.

ದ ಸರದಿ ಬಂದಾಗ ಅವಳ ಎಡಗೈ ತಾನಾಗಿ ಪಟ್ಟಿಯ ಇನ್ನೊಂದು ತುದಿಗೆ ಹೋಯಿತು. ಪ ಊದಿದಳು. ಪ ಹಿಡಿದುಕೊಂಡು ಕೆಳಗಿನಿಂದ ದ ಅಳೆದಳು.

ತಾನು ಏನು ಮಾಡಿದೆನೆಂದು ಗೊತ್ತಾದ ತಕ್ಷಣ ಕೈ ಎಳೆದುಕೊಂಡಳು. ಆದರೆ ತಡವಾಗಿತ್ತು. ಯಂತ್ರ ಇಟ್ಟು ನೋಡಿದೆ. ತಪ್ಪು ಬಂದು ನಿಂತಿದ್ದು ದ ಮತ್ತು ನಿ ನಡುವೆ, ಕೋಣೆಯ ನಟ್ಟನಡುವೆ.

“ನಿಮಗೆ ಮೇಲಿಂದ ಬರೋದು ಅಭ್ಯಾಸ ಇಲ್ಲ,” ಎಂದೆ. “ಯಾರಿಗೆ ಅಭ್ಯಾಸ ಇದೆ?”

ಅವಳು ಅರವನ್ನು ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಕೇಳಬೇಡಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ.”

“ಒಬ್ಬ ಜೈಲಿಗೆ ಹೋಗ್ತಿದ್ದಾನೆ ಅಕ್ಕಾ.”

“ಅಪ್ಪ ನಮ್ಮಿಬ್ಬರನ್ನೂ ಒಂದೇ ಪೆಟ್ಟಿಗೆಗೆ ಕೂರಿಸೋರು,” ಎಂದಳು ಸೆರಗಿನೊಳಗಿಂದಲೇ. “ನಾನು ಎಡಕ್ಕೆ, ಅವಳು ಬಲಕ್ಕೆ. ನಾನು ಕೆಳಗಿನ ಸ ಇಂದ ಹತ್ತಬೇಕು, ಅವಳು ಮೇಲಿನ ಸ ಇಂದ ಇಳೀಬೇಕು. ಯಾರು ಮೊದಲು ಮುಗಿಸ್ತಾರೋ ಅಂತ ಆಟ. ಬಂದವರೆಲ್ಲ ಮೇಲಿನದನ್ನೇ ಕೇಳಿ ತಲೆದೂಗೋರು. ಚಿಕ್ಕವಳ ಕೈಯಲ್ಲಿ ಜೇನಿದೆ ಅನ್ನೋರು. ಕೆಳಗಿನದು ತಳಪಾಯ ಅಲ್ವಾ, ತಳಪಾಯನ ಯಾರು ನೋಡ್ತಾರೆ? ಮದುವೆ ಆಗಿ ಹೋದಮೇಲೂ ಅಪ್ಪ ಅವಳನ್ನೇ ಕರೆಸೋರು. ಮೇಲಿನದು ಒಂಚೂರು ನೋಡು ಮಗಳೇ ಅಂತ.”

ಅಷ್ಟು ಹೇಳಿ ಬಿಕ್ಕಿದಳು.

ಗಂಡನನ್ನು ಬಿಡಿಸಿ ಎಂದು ನನ್ನ ಬಳಿ ಬಂದವಳೇ ಆ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದವಳು. ಗಂಡ ಹೊರಗೆ ನಿಂತು ಬಾಗಿಲು ಬಡಿದಿದ್ದ. ಇವಳು ಒಳಗೆ, ತಂದೆಯ ಹೆಣದ ಪಕ್ಕದಲ್ಲಿ, ಸ್ವರ ಒತ್ತುತ್ತಿದ್ದಳು. ಬೆಟ್ಟ ಅಗೆದರೆ ಇಲಿಯಾದರೂ ಸಿಗಲಿ ಎಂದುಕೊಂಡಿದ್ದೆ. ಸಿಕ್ಕಿದ್ದು ನನ್ನನ್ನು ಅಗೆಯಲು ಕರೆದವಳೇ.

ತಂಗಿಯನ್ನು ಉಳಿಸಲು ಈ ಅಕ್ಕ ಕೊಲೆಯನ್ನೇ ಹೊತ್ತುಕೊಳ್ಳಲು ಹೊರಟಿದ್ದಳು. ಪಾಪ, ಅವಳ ಕೈಗೆ ಸುಳ್ಳು ಹೇಳಲು ಬರಲಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಹೊರಗಿನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ತಂಗಿ ಒಳಗೆ ಬಂದಳು. ಕೈಯಲ್ಲಿ ಗಂಡನಿಗೆ ಕೊಡಬೇಕಾಗಿದ್ದ ಇಸ್ತ್ರಿ ಮಾಡಿದ ಬಟ್ಟೆಯ ಚೀಲ. ಮುಖ ಸುಣ್ಣದಂತೆ ಬಿಳಿಚಿತ್ತು.

“ಮೇಡಂ, ಅವರು ಒಪ್ಪಿಕೊಂಡುಬಿಟ್ರು,” ಎಂದಳು.

“ಯಾರು, ಏನನ್ನ?”

“ನಮ್ಮವರು. ಕೊಲೆ ಮಾಡಿದ್ದು ನಾನೇ ಅಂತ. ವಕೀಲರು ಈಗ ತಾನೆ ಹೇಳಿದ್ರು. ನಾಳೆ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಡ್ತಾರಂತೆ. ಕೊಟ್ಟಮೇಲೆ ಮುಗೀತು, ಯಾರ ಕೈಲೂ ಬಿಡಿಸೋಕಾಗಲ್ಲ ಅಂದ್ರು.”

“ಇಷ್ಟು ದಿನ ಬಾಯಿ ಬಿಡದವನು ಇವತ್ತು ಯಾಕೆ?”

“ನೀವು ಈ ಪೆಟ್ಟಿಗೆ ಅಳೆದು ನೋಡ್ತಿದ್ದೀರಿ ಅಂತ ವಕೀಲರು ಅವರಿಗೆ ಹೇಳಿದ್ರಂತೆ. ತಕ್ಷಣ ಒಪ್ಪಿಕೊಂಡ್ರಂತೆ. ಅದೂ ಏನಂತ? ಮಾವ ಸತ್ತಮೇಲೆ ಮೇಲಿನ ನಾಲ್ಕನ್ನ ನಾನೇ ಶ್ರುತಿ ಮಾಡಿದೆ, ಮೇಲಿನ ಸ ಇಂದ ಕೆಳಕ್ಕೆ ಇಳಿಸಿದೆ ಅಂತ.” ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. “ಮೇಡಂ, ಅವರಿಗೆ ಲೆಕ್ಕ ಮಾತ್ರ ಬರೋದು. ಅರ ಹಿಡಿಯೋಕೂ ಬರಲ್ಲ.”

ಮೇಲಿನ ಸ ವಿಷಯ ನಾನು ಈಗ ತಾನೆ ಅಕ್ಕನಿಗೆ ಹೇಳಿದ್ದು. ಪೊಲೀಸರಿಗೂ ಹೇಳಿರಲಿಲ್ಲ, ವಕೀಲನಿಗೂ ಹೇಳಿರಲಿಲ್ಲ.

ಎಂಟೂ ಸ್ವರ ಮೊಳಗುವ ಮೊದಲೇ ಅವನು ಬಾಗಿಲ ಹೊರಗೆ ನಿಂತು ಒಳಗಿನ ಶ್ರುತಿಪರೀಕ್ಷೆ ಕೇಳಿದ್ದ. ಮೊದಲು ಮೇಲಿನ ಸ, ಆಮೇಲೆ ನಿ, ಆಮೇಲೆ ದ. ಆ ಮನೆಯಲ್ಲಿ ಹಾಗೆ ಇಳಿದು ಬರುವ ಕೈ ಒಂದೇ ಎಂದು ಅವನಿಗೆ ಗೊತ್ತಿತ್ತು. ಹೆಂಡತಿಯೇ ತಂದೆಯನ್ನು ಕೊಂದಳೆಂದು ನಂಬಿ, ಅದನ್ನು ನುಂಗಿಕೊಂಡು, ಲಾಕಪ್ಪಿನಲ್ಲಿ ಗೋಡೆ ನೋಡುತ್ತ ಕೂತಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅದೇ ವಿಷಯ ತಂಗಿಗೂ ಹೊಳೆದಿರಬೇಕು. ಬಟ್ಟೆಯ ಚೀಲ ಕೈಯಿಂದ ಜಾರಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

“ಅವರಿಗೆ ಕೇಳಿಸಿತ್ತು,” ಎಂದಳು. “ನಾನು ಕೊಂದೆ ಅಂತ ಅಂದ್ಕೊಂಡಿದ್ದಾರೆ. ಇಷ್ಟು ದಿನದಿಂದ ಅಂದ್ಕೊಂಡಿದ್ದಾರೆ. ನಾನು ಊಟ ತಗೊಂಡು ಹೋದಾಗೆಲ್ಲ ನನ್ನ ಮುಖ ನೋಡದೆ ತಿನ್ನೋರು...”

“ಕೂತ್ಕೊಳ್ಳಿ,” ಎಂದೆ.

“ಕೂರಲ್ಲ ಮೇಡಂ. ಇವತ್ತೇ ಹೇಳಿಬಿಡ್ತೀನಿ. ಮೇಲಿನ ನಾಲ್ಕು ಮಾಡಿದ್ದು ನಾನು. ಆದ್ರೆ ನಾನು ಬಂದಾಗ ಅಪ್ಪ ಆಗಲೇ ತಣ್ಣಗಾಗಿದ್ರು. ತಲೆ ಮೇಜಿನ ಮೇಲಿತ್ತು, ಲೋಟ ಪಕ್ಕದಲ್ಲಿತ್ತು.”

“ಹೆಣದ ಪಕ್ಕ ಕೂತು ಯಾರಾದ್ರೂ ಶ್ರುತಿ ಮಾಡ್ತಾರಾ?” ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

“ಅಕ್ಕ ಹೇಳಿದ್ಲು.”

ನಾನು ಅಕ್ಕನ ಕಡೆ ತಿರುಗಲಿಲ್ಲ. ತಂಗಿಯ ಕಣ್ಣನ್ನೇ ನೋಡುತ್ತಿದ್ದೆ.

“ಮಧ್ಯಾಹ್ನ ನಮ್ಮನೆ ಹಿತ್ತಲಿಗೆ ಬಂದ್ಲು, ಶಾಲೆಗೆ ಹೋಗೋ ದಾರೀಲಿ. ಅಪ್ಪ ತಾವಾಗೇ ಕುಡಿದುಬಿಟ್ಟಿದ್ದಾರೆ ಅಂದ್ಲು. ಪೆಟ್ಟಿಗೆ ಅರ್ಧಕ್ಕೆ ನಿಂತಿದೆ, ಮೇಲಿನದು ನಿನ್ನ ಕೈಲಿ ತಾನೆ ಆಗೋದು, ಹಿತ್ತಿಲ ಬಾಗಿಲಿಂದ ಹೋಗಿ ಮುಗಿಸಿಬಿಡು, ಮುಗಿಸಿದಮೇಲೆ ಎಂಟೂ ಒಂದು ಸಲ ಜೋರಾಗಿ ಒತ್ತು, ಅವರ ಆತ್ಮಕ್ಕೆ ಕೇಳಲಿ ಅಂದ್ಲು. ಆತ್ಮಹತ್ಯೆ ಅಂತ ಗೊತ್ತಾದ್ರೆ ಅಪ್ಪನ ಹೆಸರು ಹಾಳಾಗುತ್ತೆ, ಯಾರಿಗೂ ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿಕೊಂಡ್ಲು. ನಾನು ಅಳ್ತಾ ಅಳ್ತಾ ಮಾಡಿದೆ. ಅವರು ಬಾಗಿಲು ಬಡಿದಾಗ ಉಸಿರು ಬಿಗಿಹಿಡಿದು ಕೂತಿದ್ದೆ. ಹೇಳು ಅಕ್ಕಾ. ಹೇಳು ಇವರಿಗೆ.”

ಆಗ ನನ್ನ ತಲೆಯಲ್ಲಿ ಎಲ್ಲ ತಿರುಗಿ ನಿಂತಿತು.

ಸಂಜೆ ಸ್ವರ ಕೇಳಿದ್ದರಿಂದ ಮುದುಕ ಸಂಜೆವರೆಗೆ ಬದುಕಿದ್ದ ಎಂದಾಯಿತು. ಮುದುಕ ಸಂಜೆವರೆಗೆ ಬದುಕಿದ್ದರೆ ಮಧ್ಯಾಹ್ನ ಚಹಾ ಕೊಟ್ಟವಳ ಮೇಲೆ ಯಾರಿಗೂ ಅನುಮಾನವಿಲ್ಲ. ಅದರಿಂದ ಬಚಾವಾದವಳು ಒಬ್ಬಳೇ. ಸಂಜೆ ಇಡೀ ತರಗತಿಯ ಎದುರು ಕೂತು ರಿಪೇರಿ ಮಾಡುತ್ತಿದ್ದವಳು.

ಇನ್ನು ಈಗಷ್ಟೇ ನನ್ನ ಮುಂದೆ ನಡೆದದ್ದು? ಪ್ರಶ್ನೆಗೆ ನಿಲ್ಲದ ತಪ್ಪೊಪ್ಪಿಗೆ, ಪ ಕಡೆಗೆ ತಾನಾಗಿ ಹೋದ ಕೈ, ಸೆರಗಿನೊಳಗಿನ ಬಿಕ್ಕು. ತಂಗಿಯ ಹೆಸರನ್ನು ಒಂದು ಸಲವೂ ನಾಲಿಗೆಯ ಮೇಲೆ ತರದೆ, ತಂಗಿಯನ್ನೇ ನನ್ನ ಕೈಗೆ ಕೊಟ್ಟುಬಿಟ್ಟಿದ್ದಳು. ಆ ಕೈಗೆ ಸುಳ್ಳು ಬರುವುದಿಲ್ಲ ಎಂದುಕೊಂಡ ದಡ್ಡಿ ನಾನು.

ಅಕ್ಕ ಸೆರಗನ್ನು ಮುಖದಿಂದ ಇಳಿಸಿದಳು. ಕಣ್ಣು ಒಣಗಿದ್ದವು. ಎದ್ದು ಬಂದು, ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಚೀಲ ಎತ್ತಿ, ಧೂಳು ಕೊಡವಿ, ತಂಗಿಯ ಕೈಗೆ ಕೊಟ್ಟಳು. ಅವಳ ಕೆನ್ನೆಯನ್ನೂ ಸವರಿದಳು.

“ಪಾಪ, ಗಂಡನ ಚಿಂತೇಲಿ ಏನೇನೋ ಹೇಳ್ತಿದ್ದಾಳೆ,” ಎಂದಳು ನನ್ನ ಕಡೆ ತಿರುಗಿ. “ನಾನು ಅವತ್ತು ಊಟ ಕೊಟ್ಟು ನೇರ ಶಾಲೆಗೆ ಹೋಗಿದ್ದೆ. ನೀವೇ ಎಲ್ಲರನ್ನೂ ಕೇಳಿದ್ದೀರಲ್ಲ ಮೇಡಂ. ಇವಳು ಒಳಗಿದ್ದಳು ಅಂತ ಈಗ ಇವಳೇ ಒಪ್ಪಿಕೊಂಡ್ಲು, ನೀವೇ ಸಾಕ್ಷಿ. ಈಗ ಹೇಳಿ, ಇವಳ ಗಂಡನ್ನ ಯಾವಾಗ ಬಿಡಿಸ್ತೀರಿ?”